ಒಳ್ಳೆಯ ಚೀಸ್, ಹದವಾದ ಹ್ಯಾಮ್: ನಗರದಲ್ಲಿ ಎಲ್ಲಿ ಕೊಳ್ಳುವುದು?

ಚೀಸ್‌ಗೆಂದೇ ಇರುವ ಅಂಗಡಿಗೆ ಹೋಗಬೇಕೋ, ಸೂಪರ್‌ಮಾರ್ಕೆಟ್ಟಿನ ಕೌಂಟರ್ ಸಾಕೋ? ವಾರದ ಸಂತೆಯಲ್ಲಿ ತಯಾರಿಸಿದವರ ಕೈಯಿಂದಲೇ ಕೊಳ್ಳುವುದು ಮೇಲೋ, ಆನ್‌ಲೈನ್‌ನಲ್ಲಿ ತರಿಸಿಕೊಂಡರೂ ನಡೆಯುತ್ತದೋ? ದೊಡ್ಡ ನಗರದಲ್ಲಿ ಇದ್ದವರಿಗೆ ಈ ಗೊಂದಲ ಸಹಜ. ಸಣ್ಣ ಪ್ರಮಾಣದಲ್ಲಿ ಕೈಯಾರೆ ಮಾಡಿದ ಆರ್ಟಿಸನ್ ಚೀಸ್, ಉಪ್ಪು ಹಚ್ಚಿ ತಿಂಗಳುಗಟ್ಟಲೆ ಒಣಗಿಸಿದ ಹಂದಿ ತೊಡೆಯ ಹ್ಯಾಮ್, ಕೈಯಲ್ಲೇ ಕಟ್ಟಿ ತೂಗುಹಾಕಿದ ಸಲಾಮಿ ಎಂಬ ಒಣ ಸಾಸೇಜ್, ಇವು ಯಾವುವೂ ಅಗ್ಗದ ಪದಾರ್ಥಗಳಲ್ಲ. ತಪ್ಪು ಜಾಗದಲ್ಲಿ ಕೊಂಡರೆ ದುಡ್ಡೂ ಹೋಯಿತು, ರುಚಿಯೂ ಹೋಯಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯ ಹೆಸರಿಗಿಂತ, ಬೋರ್ಡಿನ ಅಂದಕ್ಕಿಂತ, ನೀವು ಮನೆಗೆ ತರುವ ತುಂಡು ಯಾವಾಗ ಕತ್ತರಿಸಿದ್ದು ಎನ್ನುವುದು ಹೆಚ್ಚು ಮುಖ್ಯ. ಪಾರ್ಮಿಜಾನೊ ರೆಜ್ಜಾನೊ ಎಂಬ ಇಟಲಿಯ ಗಟ್ಟಿ ಚೀಸ್‌ನ ಇಡೀ ಚಕ್ರ ಸುಮಾರು 40 ಕಿಲೋ ತೂಗುತ್ತದೆ. ಗಟ್ಟಿ ಹೊರಸಿಪ್ಪೆಯ ರಕ್ಷಣೆಯಲ್ಲಿ ಅದು ವರ್ಷಗಟ್ಟಲೆ ಕೆಡದೆ ಮಾಗುತ್ತದೆ. ಒಮ್ಮೆ ಒಡೆದ ಮೇಲೆ ಕಥೆ ಬೇರೆ. ಕತ್ತರಿಸಿದ ಮೈ ಒಣಗುತ್ತದೆ, ಗಾಳಿ ಬೆಳಕು ತಾಗಿ ಕೊಬ್ಬು ಕಮಟಾಗತೊಡಗುತ್ತದೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟರೆ ಆ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಹ್ಯಾಮ್ ಇನ್ನೂ ಸೂಕ್ಷ್ಮ. ಇಡೀ ತೊಡೆ ತಿಂಗಳುಗಟ್ಟಲೆ ತೂಗಾಡಬಲ್ಲದು. ತೆಳ್ಳಗೆ ಹೆರೆದ ಪದರವೋ, ಕೆಲವೇ ಗಂಟೆಗಳಲ್ಲಿ ಸಪ್ಪೆಯಾಗಿಬಿಡುತ್ತದೆ.

ಯಾವ ಅಳತೆಗೋಲಿನಿಂದ ನೋಡುವುದು

ಕತ್ತರಿಸಿದ ಹೊತ್ತು ಮೊದಲನೆಯದು. ಅದರ ಬೆನ್ನಿಗೇ ಬರುವುದು ಮಾರಾಟದ ವೇಗ. ಕೌಂಟರಿನಲ್ಲಿ ಇಪ್ಪತ್ತು ಬಗೆ ಇದ್ದು ಎಲ್ಲವೂ ವಾರದೊಳಗೆ ಖಾಲಿಯಾಗುವ ಅಂಗಡಿಯೇ, ನೂರಾರು ಬಗೆ ಪೇರಿಸಿಟ್ಟು ನೊಣ ಹೊಡೆಯುವ ಅಂಗಡಿಗಿಂತ ಎಷ್ಟೋ ವಾಸಿ. ರುಚಿ ನೋಡಲು ಬಿಡುತ್ತಾರೆಯೇ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಸಿಗುತ್ತದೆಯೇ ಎನ್ನುವುದು ಮೂರನೆಯದು. ಬೇಕಾದಷ್ಟೇ ಕತ್ತರಿಸಿಕೊಡುತ್ತಾರೆಯೇ ಎಂಬುದನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಿಲೋ ದರ ಹೆಚ್ಚಿದ್ದರೂ 80 ಗ್ರಾಂ ಕೊಟ್ಟರೆ ಜೇಬಿಗೆ ಹಗುರ. ದರ ಕಡಿಮೆಯೆಂದು 400 ಗ್ರಾಂ ಪೊಟ್ಟಣ ತಂದು ಅರ್ಧ ಎಸೆದರೆ ಉಳಿತಾಯ ಎಲ್ಲಿಂದ ಬಂತು? ಕೊನೆಯದು ಮೂಲ: ಯಾರು ಮಾಡಿದ್ದು, ಯಾವ ಹಾಲು, ಯಾವ ಮಾಂಸ, ಎಷ್ಟು ಕಾಲ ಮಾಗಿದ್ದು.

ಚೀಸ್‌ಗೆಂದೇ ಇರುವ ಅಂಗಡಿ

ಮೆತ್ತನೆಯ ಚೀಸ್, ನೀಲಿ ಚೀಸ್, ಉಪ್ಪುನೀರಲ್ಲಿ ಒರೆಸಿ ಒರೆಸಿ ಮಾಗಿಸಿದ ಕಿತ್ತಳೆ ಸಿಪ್ಪೆಯ ಚೀಸ್ ಬೇಕಿದ್ದರೆ ಬೇರೆ ಕಡೆ ಹುಡುಕಬೇಡಿ, ನೇರ ಇಲ್ಲಿಗೆ ಬನ್ನಿ. ಇವು ದಿನದಿಂದ ದಿನಕ್ಕೆ ಬದಲಾಗುವ ಪದಾರ್ಥಗಳು. ಬಿಳಿ ಬೂಷ್ಟಿನ ಬ್ರೀ ಹೊರಗಿನಿಂದ ಒಳಗೆ ಮಾಗುತ್ತಾ ಹೋಗುತ್ತದೆ. ನಡುವೆ ಸುಣ್ಣದ ಪದರದ ಹಾಗೆ ಬೆಳ್ಳನೆ ಗೆರೆ ಉಳಿದಿದ್ದರೆ ಇನ್ನೂ ಕೆಲವು ದಿನ ಬೇಕು ಎಂದರ್ಥ. ಪೂರ್ತಿ ಮಾಗಿ ಅಮೋನಿಯಾದ ಘಾಟು ಮೂಗಿಗೆ ಹೊಡೆದರೆ ಹದ ಮೀರಿದೆ. ಈ ನಡುವಿನ ಸಮಯವನ್ನು ಹಿಡಿಯುವುದೇ ಅಂಗಡಿಯವರ ಕಸುಬು. 'ಇವತ್ತು ರಾತ್ರಿಗೋ, ಶನಿವಾರಕ್ಕೋ?' ಎಂದು ಅವರೇ ನಿಮ್ಮನ್ನು ಕೇಳಿದರೆ ಅಂಥ ಅಂಗಡಿಯನ್ನು ಬಿಡಬೇಡಿ.

ಗಟ್ಟಿ ಚೀಸ್‌ನಲ್ಲೂ ಅವರ ಆಯ್ಕೆಗೆ ಬೆಲೆಯಿದೆ. ಕೊಂತೆ ಎಂಬ ಫ್ರೆಂಚ್ ಚೀಸ್ ನಿಯಮದ ಪ್ರಕಾರ ಕನಿಷ್ಠ ನಾಲ್ಕು ತಿಂಗಳು ಮಾಗಬೇಕು. ಆದರೆ ಎಂಟು ತಿಂಗಳದ್ದು ಬೆಣ್ಣೆಯಂತೆ ಮೃದು, ಎರಡು ವರ್ಷದ್ದು ಹುರಿದ ಬೀಜದಂತೆ ಗಾಢ. ಎರಡಕ್ಕೂ ಹೆಸರು ಒಂದೇ. ಯಾವ ಡೈರಿಯದು, ಎಷ್ಟು ತಿಂಗಳದ್ದು ಎಂದು ಚೀಟಿಯಲ್ಲಿ ಬರೆದಿಟ್ಟಿರುವ ಅಂಗಡಿ ಸಿಕ್ಕರೆ ನೀವು ಹೆಸರಿಗಲ್ಲ, ಆ ಚಕ್ರಕ್ಕೇ ದುಡ್ಡು ಕೊಡುತ್ತಿದ್ದೀರಿ.

ಕತ್ತರಿಸುವುದನ್ನು ನಿಂತು ನೋಡಿ. ಪಳಗಿದ ಕೈಯವರು ತುಂಡನ್ನು ಹಾಳೆಯಿಂದ ಬಿಡಿಸಿದ ಕೂಡಲೇ ಕತ್ತರಿಸಿದ ಮೈಯನ್ನು ಚಾಕುವಿನ ಬೆನ್ನಿನಿಂದ ಹಗುರವಾಗಿ ಕೆರೆದು ಮೇಲಿನ ಎಣ್ಣೆ ಜಿಡ್ಡನ್ನು ತೆಗೆಯುತ್ತಾರೆ. ಮೊದಲು ಒಂದು ಎಳೆ ರುಚಿಗೆ ಕೊಡುತ್ತಾರೆ. ಮೆತ್ತನೆಯದಕ್ಕೆ ತಂತಿ, ಗಟ್ಟಿಯದಕ್ಕೆ ಎರಡು ಹಿಡಿಯ ಉದ್ದ ಚಾಕು. ಪಾರ್ಮಿಜಾನೊ ಆದರೆ ಬಾದಾಮಿ ಆಕಾರದ ಮೊಂಡು ಚಾಕು ಚುಚ್ಚಿ, ಕತ್ತರಿಸದೆ ಸೀಳುತ್ತಾರೆ. ಒರಟಾದ ಮೈಯಲ್ಲಿ ಬಿಳಿ ಹರಳುಗಳು ಕಾಣುತ್ತವೆ. ಅದು ಉಪ್ಪಲ್ಲ, ಪ್ರೋಟೀನ್ ಒಡೆದು ಕೂಡಿಕೊಂಡ ಟೈರೋಸಿನ್. ಚೆನ್ನಾಗಿ ಮಾಗಿದ್ದರ ಗುರುತು. ಕೊನೆಗೆ ಮೇಣ ಸವರಿದ ಕಾಗದದಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಕೊಡುತ್ತಾರೆ. ಇಷ್ಟು ಶ್ರದ್ಧೆಗೆ ಸ್ವಲ್ಪ ಹೆಚ್ಚು ದುಡ್ಡು ಕೊಡಲು ನನಗೆ ಬೇಸರವಿಲ್ಲ.

ಕೊರತೆ ಎಂದರೆ ಬೆಲೆ, ಜೊತೆಗೆ ದೂರ. ಇನ್ನೊಂದು ಅಪಾಯವೂ ಇದೆ: ಗಿರಾಕಿಗಳಿಲ್ಲದ ಅಂಗಡಿ. ಒಳಗೆ ಕಾಲಿಟ್ಟಾಗ ಹಾಲು, ಅಣಬೆ, ನೆಲಮಾಳಿಗೆಯ ತಂಪಿನ ವಾಸನೆ ಬರಬೇಕು. ಕತ್ತರಿಸಿದ ಮೈ ಬಿರುಕು ಬಿಟ್ಟಿದ್ದರೆ, ಸಿಪ್ಪೆಯ ಪಕ್ಕ ಕಂದು ಗೆರೆ ದಪ್ಪಗಾಗಿದ್ದರೆ, ಹಾಳೆಯೊಳಗೆ ಬೆವರಿದ್ದರೆ, ಅಂಗಡಿ ಎಷ್ಟೇ ಹೆಸರುವಾಸಿಯಾಗಿರಲಿ, ಹಿಂದಿರುಗಿ.

ಸೂಪರ್‌ಮಾರ್ಕೆಟ್: ಪೊಟ್ಟಣ ಬೇರೆ, ಕೌಂಟರ್ ಬೇರೆ

ಸೂಪರ್‌ಮಾರ್ಕೆಟ್ಟನ್ನು ಸಾರಾಸಗಟಾಗಿ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ದಿನವೂ ಜನ ಮುಗಿಬೀಳುವ ಕೌಂಟರಿನಲ್ಲಿ ಸರಕು ನಿಲ್ಲುವುದೇ ಇಲ್ಲ. ಗಟ್ಟಿ ಚೀಸ್ ಕೊಳ್ಳುವವರಿಗೆ ಇದು ನಿಜಕ್ಕೂ ಒಳ್ಳೆಯ ಜಾಗ.

ಪೊಟ್ಟಣವನ್ನೇ ನೆಚ್ಚಿಕೊಳ್ಳುವುದಾದರೆ ಮುದ್ರೆಗಳನ್ನು ಓದಲು ಕಲಿಯಿರಿ. ಯುರೋಪಿಯನ್ ಒಕ್ಕೂಟ 1992ರಲ್ಲಿ ಮೂಲಸ್ಥಾನದ ಹೆಸರುಗಳಿಗೆ ರಕ್ಷಣೆ ಕೊಡುವ ವ್ಯವಸ್ಥೆ ತಂದಿತು. ಕೆಂಪು ಹಳದಿ ಮುದ್ರೆ ಇದ್ದರೆ ತಯಾರಿಕೆಯ ಎಲ್ಲ ಹಂತವೂ ಆ ಪ್ರದೇಶದಲ್ಲೇ, ಲಿಖಿತ ನಿಯಮದಂತೆಯೇ ನಡೆದಿದೆ ಎಂದರ್ಥ. ನೀಲಿ ಹಳದಿ ಮುದ್ರೆಯ ಕಟ್ಟು ಸ್ವಲ್ಪ ಸಡಿಲ. ಒಂದಾದರೂ ಹಂತ ಅಲ್ಲಿ ನಡೆದಿದ್ದರೆ ಸಾಕು. ಪಾರ್ಮಿಜಾನೊ ಕನಿಷ್ಠ 12 ತಿಂಗಳು ಮಾಗಿರಲೇಬೇಕು, ಹಾಲು, ಉಪ್ಪು, ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಿಟ್ಟು ಬೇರೇನೂ ಬೆರೆಸುವಂತಿಲ್ಲ. ಅದರ ದಾಯಾದಿಯಂತಿರುವ ಗ್ರಾನಾ ಪಡಾನೊಗೆ 9 ತಿಂಗಳು ಸಾಕು. ಅದರಲ್ಲಿ ಮೊಟ್ಟೆಯಿಂದ ತೆಗೆದ, ಚೀಸ್ ಕೆಡದಂತೆ ಕಾಯುವ ಲೈಸೋಜೈಮ್ ಬಳಸಲು ಅವಕಾಶವಿದೆ, ಮೊಟ್ಟೆ ಒಗ್ಗದವರು ಚೀಟಿ ನೋಡಿ. ಸ್ವಿಸ್ ಗ್ರುಯೆರ್‌ಗೆ ಕನಿಷ್ಠ ಐದು ತಿಂಗಳು. ಅಂದರೆ ಇಂಥ ಹೆಸರುಗಳಲ್ಲಿ ಒಂದು ಮಟ್ಟಕ್ಕಿಂತ ಕೆಳಗಿನದು ನಿಮ್ಮ ಕೈಗೆ ಬರುವುದಿಲ್ಲ. 'ಆರ್ಟಿಸನ್' ಎಂಬ ಪದಕ್ಕೆ ಮಾತ್ರ ಎಷ್ಟೋ ಕಡೆ ಇಂಥ ಕಟ್ಟುಪಾಡಿಲ್ಲ, ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಅದೊಂದನ್ನೇ ನೋಡಿ ದುಡ್ಡು ಬಿಚ್ಚಬೇಡಿ.

ಮೆತ್ತನೆಯ ಚೀಸ್ ಇಲ್ಲಿ ಕೊಳ್ಳುವುದಾದರೆ ತುಂಡಿನ ಬದಲು ಇಡಿಯಾದ ಸಣ್ಣ ಬಿಲ್ಲೆ ಆರಿಸಿ. ಕಾಮೊಂಬೇರ್ ಬಿಲ್ಲೆ ಸುಮಾರು 250 ಗ್ರಾಂ ಇರುತ್ತದೆ, ಸಿಪ್ಪೆ ಪೂರ್ತಿ ಇರುವುದರಿಂದ ಹದ ಉಳಿಯುತ್ತದೆ. ನಡುವೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಸ್ವಲ್ಪ ಒಳಗೆ ಹೋದರೆ ತಿನ್ನಲು ಸಿದ್ಧ. ತುರಿದಿಟ್ಟ ಪೊಟ್ಟಣದ ವಿಷಯದಲ್ಲಿ ನನ್ನದು ಒಂದೇ ಮಾತು: ಬೇಡ.

ವಾರದ ಸಂತೆ

ತಯಾರಿಸಿದವರೇ ಎದುರಿಗೆ ನಿಂತಿರುತ್ತಾರೆ ಎನ್ನುವುದೇ ಇದರ ದೊಡ್ಡ ಲಾಭ. ಮೇಕೆಗಳು ವಸಂತದ ಹೊತ್ತಿಗೆ ಮರಿ ಹಾಕಿ, ಅಲ್ಲಿಂದ ಶರತ್ಕಾಲದವರೆಗೆ ಚೆನ್ನಾಗಿ ಹಾಲು ಕೊಡುತ್ತವೆ. ಆದ್ದರಿಂದ ತಾಜಾ ಮೇಕೆ ಚೀಸ್‌ಗೆ ಒಂದು ಕಾಲವಿದೆ, ಆ ಕಾಲದಲ್ಲಿ ಸಂತೆಯಲ್ಲಿ ಸಿಗುವ ರುಚಿ ಬೇರೆಲ್ಲೂ ಇಲ್ಲ. ಹಿಂಡು ಒಣಹುಲ್ಲು ತಿನ್ನುವಾಗಿನ ಹಾಲಿಗೂ ಹಸಿಮೇವಿನ ಹಾಲಿಗೂ ಚೀಸ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಹೋದ ತಿಂಗಳ ಹಾಗೆ ಈ ತಿಂಗಳಿಲ್ಲ ಎಂದು ಮುಖ ಸಿಂಡರಿಸುವವರಿಗೆ ಸಂತೆ ಒಗ್ಗುವುದಿಲ್ಲ. ಆ ಏರಿಳಿತವೇ ನನಗೆ ಇಷ್ಟ.

ಬೆಲೆ ಅಂಗಡಿಗಿಂತ ಕಡಿಮೆಯೇ ಇರುತ್ತದೆ ಎಂದುಕೊಳ್ಳಬೇಡಿ. ನಡುವಿನವರ ಪಾಲು ಇಲ್ಲದಿದ್ದರೂ ಸಣ್ಣ ಪ್ರಮಾಣದ ತಯಾರಿಕೆಗೆ ಖರ್ಚು ಹೆಚ್ಚು. ಬಗೆಗಳೂ ಮೂರೋ ನಾಲ್ಕೋ. ಬೇರೆಯವರ ಸರಕು ತಂದು ಮಾರುವವರೂ ಇರುತ್ತಾರೆ. 'ಎಷ್ಟು ಹಸು ಇವೆ, ಈ ಚೀಸ್ ಯಾವ ತಿಂಗಳ ಹಾಲಿನದು' ಎಂದು ಕೇಳಿದರೆ ಗೊತ್ತಾಗಿಬಿಡುತ್ತದೆ, ಮಾಡಿದವರು ಒಂದು ಕೇಳಿದರೆ ಹತ್ತು ಹೇಳುತ್ತಾರೆ. ಬಿಸಿಲಲ್ಲಿ ತೆರೆದಿಟ್ಟ ಮೇಜು ಕಂಡರೆ ಮುಂದೆ ನಡೆಯಿರಿ. ಮಂಜುಗಡ್ಡೆಯ ಪೆಟ್ಟಿಗೆಯನ್ನು ನಂಬಿಕೊಂಡಿರುವವರ ಬಳಿ ಬೆಳಗ್ಗೆಯೇ ಕೊಳ್ಳುವುದು ಒಳ್ಳೆಯದು.

ನಗರದೊಳಗೇ ಚೀಸ್ ಮಾಡುವ ಪುಟ್ಟ ಡೈರಿಗಳಿದ್ದರೆ ಮೊಝರೆಲ್ಲಾ, ಬುರ್ರಾಟಾ, ರಿಕೊಟ್ಟಾಗಳಿಗೆ ಅವಕ್ಕಿಂತ ಮಿಗಿಲಾದದ್ದಿಲ್ಲ. ಮಾಡಿದ ದಿನವೇ ತಿನ್ನಬೇಕಾದ ಇಂಥವನ್ನು ದೂರದಿಂದ ತರಿಸುವುದು ಹಣ ಪೋಲು.

ಮಾಂಸಕ್ಕೆ ಲೆಕ್ಕ ಬೇರೆ

ಚೀಸ್ ಅಂಗಡಿಯಲ್ಲೇ ಹ್ಯಾಮ್, ಸಲಾಮಿಯೂ ಸಿಗುತ್ತದೆ, ನಿಜ. ಆದರೆ ಅಲ್ಲಿ ಅದು ಸಾಮಾನ್ಯವಾಗಿ ಜೊತೆಗಿರಲಿ ಎಂದು ಇಟ್ಟದ್ದು. ಸ್ವಂತ ಕೈಯಿಂದ ಉಪ್ಪು ಹಚ್ಚಿ, ಒಣಗಿಸಿ, ತೂಗುಹಾಕುವ ಮಾಂಸದ ಅಂಗಡಿ ನಗರದಲ್ಲಿದ್ದರೆ ಮೊದಲು ಅಲ್ಲಿಗೆ ಹೋಗಿ. ಹಂದಿಯ ಯಾವ ಭಾಗದಿಂದ ಏನಾಗುತ್ತದೆ ಎಂದು ತಿಳಿದುಕೊಂಡರೆ ಕೇಳಲು ಸುಲಭ: ಕುತ್ತಿಗೆಯ ಮಾಂಸ ಕೊಪ್ಪಾ, ಹೊಟ್ಟೆಯದು ಪಂಚೆಟ್ಟಾ, ಕೆನ್ನೆಯದು ಗ್ವಾಂಚಾಲೆ, ಹಿಂದಿನ ತೊಡೆಯದು ಪ್ರೊಶುಟೊ. ಹಂದಿಮಾಂಸ ಬೇಡವೆನ್ನುವವರಿಗೆ ದನದ ಮಾಂಸದ ಬ್ರೆಸಾವೊಲಾ ಇದೆ. ಆದರೆ ಹಂದಿಯದನ್ನು ಕತ್ತರಿಸಿದ ಯಂತ್ರದಲ್ಲೇ ಅದನ್ನೂ ಕತ್ತರಿಸುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಹ್ಯಾಮ್ ಹೆರೆಯುವಾಗ ನೋಡಬೇಕಾದ್ದು ಇಷ್ಟು. ಮೊದಲ ಒಣಪದರವನ್ನು ತೆಗೆದು ಪಕ್ಕಕ್ಕಿಡುತ್ತಾರೆಯೇ? ಪದರ ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಿದೆಯೇ? ಕಾಗದದ ಮೇಲೆ ಒಂದಕ್ಕೊಂದು ಅಂಟದಂತೆ ಹರಡಿ ಇಡುತ್ತಾರೆಯೇ? ಕೊಬ್ಬು ಬಿಳಿ ಅಥವಾ ತಿಳಿ ಗುಲಾಬಿ ಇರಬೇಕು, ಹಳದಿಗೆ ತಿರುಗಿದ್ದರೆ ಹಳೆಯದು. ಕೊಬ್ಬನ್ನು ಕಿತ್ತು ಬಿಸಾಡಬೇಡಿ, ಸುವಾಸನೆ ಇರುವುದೇ ಅದರಲ್ಲಿ.

ದುಬಾರಿ ಸ್ಪ್ಯಾನಿಷ್ ಇಬೇರಿಕೊ ಹ್ಯಾಮ್ ಕೊಳ್ಳುವವರು ಕಾಲಿಗೆ ಕಟ್ಟಿದ ಪಟ್ಟಿಯ ಬಣ್ಣ ನೋಡಿ. 2014ರ ಸ್ಪೇನಿನ ನಿಯಮದಂತೆ ಕಪ್ಪು ಪಟ್ಟಿ ಎಂದರೆ ನೂರಕ್ಕೆ ನೂರು ಇಬೇರಿಕೊ ತಳಿ, ಓಕ್ ಕಾಯಿ ತಿಂದು ಬೆಳೆದದ್ದು. ಕೆಂಪಾದರೆ ಓಕ್ ಕಾಯಿ ತಿಂದ ಬೆರಕೆ ತಳಿ. ಹಸಿರು ಪಟ್ಟಿಯದು ಬಯಲಲ್ಲಿ ಮೇಯ್ದು ಧಾನ್ಯವನ್ನೂ ತಿಂದದ್ದು, ಬಿಳಿ ಪಟ್ಟಿಯದು ಕೊಟ್ಟಿಗೆಯಲ್ಲಿ ಧಾನ್ಯ ತಿಂದದ್ದು. ಬೆಲೆಯ ಅಂತರ ಭಾರಿ. 'ಇಬೇರಿಕೊ' ಎಂದಷ್ಟೇ ಬರೆದು ಬಣ್ಣ ಹೇಳದ ಅಂಗಡಿಯಲ್ಲಿ ಕಪ್ಪು ಪಟ್ಟಿಯ ಬೆಲೆ ಕೊಡಬೇಡಿ.

ಮಾಂಸ ಕೆಡದಂತೆ ಹಾಕುವ ನೈಟ್ರೈಟ್, ನೈಟ್ರೇಟ್ ಬೇಡ ಎನ್ನುವವರು ಚೀಟಿಯಲ್ಲಿ ಇ250 (ನೈಟ್ರೈಟ್), ಇ252 (ನೈಟ್ರೇಟ್) ಇದೆಯೇ ನೋಡಿ. ಇಟಲಿಯ ಪಾರ್ಮಾ ಹ್ಯಾಮ್‌ಗೆ ಹಂದಿಯ ತೊಡೆ ಮತ್ತು ಉಪ್ಪು ಬಿಟ್ಟರೆ ಏನೂ ಸೇರುವುದಿಲ್ಲ. ಸೆಲರಿ ಪುಡಿ ಹಾಕಿ 'ನೈಟ್ರೇಟ್ ಸೇರಿಸಿಲ್ಲ' ಎನ್ನುವ ಪೊಟ್ಟಣಗಳ ವಿಷಯದಲ್ಲಿ ಹುಷಾರು, ಸೆಲರಿಯಲ್ಲಿ ನೈಟ್ರೇಟ್ ತಾನಾಗಿಯೇ ಇರುತ್ತದೆ.

ಕಡಿಮೆ ಖರ್ಚಿನವರಿಗೆ ಒಂದು ಗುಟ್ಟು: ತುದಿಯ ತುಂಡುಗಳನ್ನು ಕೇಳಿ. ಯಂತ್ರಕ್ಕೆ ಸಿಗದ ಹ್ಯಾಮ್ ತುದಿ, ಸಲಾಮಿಯ ಬುಡ, ಚೀಸ್‌ನ ಅಂಕುಡೊಂಕು ಚೂರುಗಳನ್ನು ಎಷ್ಟೋ ಅಂಗಡಿಗಳು ಅಗ್ಗಕ್ಕೆ ಕೊಡುತ್ತವೆ. ಸೂಪಿಗೆ, ಪಾಸ್ತಾಗೆ ಅವೇ ಸಾಕು. ಪಾರ್ಮಿಜಾನೊ ಸಿಪ್ಪೆಯೂ ಸೂಪಿನಲ್ಲಿ ಕುದಿಸಿದರೆ ರುಚಿ ಬಿಟ್ಟುಕೊಡುತ್ತದೆ.

ಆನ್‌ಲೈನ್, ಸಗಟು

ದೂರದ ತಯಾರಕರಿಂದ ನೇರವಾಗಿ ತರಿಸುವುದು ಗಟ್ಟಿ ಚೀಸ್‌ಗೆ, ಇಡೀ ಸಲಾಮಿಗೆ ಸೊಗಸಾಗಿ ಹೊಂದುತ್ತದೆ. ಇವು ವ್ಯಾಕ್ಯೂಮ್ ಪ್ಯಾಕನ್ನು ತಡೆದುಕೊಳ್ಳುತ್ತವೆ. ಬಂದ ಮೇಲೆ ಬಿಚ್ಚಿ ಗಂಟೆ ಹೊತ್ತು ಉಸಿರಾಡಲು ಬಿಟ್ಟರೆ ಸರಿ. ಮೆತ್ತನೆಯ ಚೀಸ್ ಆ ಒತ್ತಡಕ್ಕೆ ಅಪ್ಪಚ್ಚಿಯಾಗುತ್ತದೆ, ಬೂಷ್ಟು ಉಸಿರುಗಟ್ಟುತ್ತದೆ. ಹೆರೆದ ಹ್ಯಾಮ್ ಪದರಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಬರುತ್ತವೆ. ಬಿಸಿಲುಗಾಲದಲ್ಲಿ ತರಿಸಬೇಡಿ, ತರಿಸಲೇಬೇಕೆಂದರೆ ವಾರದ ಆರಂಭದಲ್ಲಿ ಹೊರಡುವಂತೆ ಆರ್ಡರ್ ಮಾಡಿ, ಇಲ್ಲದಿದ್ದರೆ ಶನಿವಾರ ಭಾನುವಾರ ಗೋದಾಮಿನಲ್ಲಿ ಕೊಳೆಯುತ್ತದೆ. ರುಚಿ ನೋಡಲು ಆಗುವುದಿಲ್ಲವಾದ್ದರಿಂದ ಈಗಾಗಲೇ ತಿಂದು ಗೊತ್ತಿರುವುದನ್ನೇ ತರಿಸಿ. ಸಾಗಣೆ ಖರ್ಚು ಸೇರಿದರೆ ಸಣ್ಣ ಆರ್ಡರ್ ದುಬಾರಿ.

ಹೋಟೆಲುಗಳಿಗೆ ಪೂರೈಸುವ ಸಗಟು ಮಳಿಗೆಗಳಲ್ಲಿ ಕಿಲೋ ದರ ತೀರ ಕಡಿಮೆ. ಎರಡು ಮೂರು ಕಿಲೋ ತುಂಡನ್ನು ನಾಲ್ಕು ಮನೆ ಹಂಚಿಕೊಳ್ಳುವುದಾದರೆ ಮಾತ್ರ ಅದು ಲಾಭ. ಒಬ್ಬರೇ ಇರುವವರು ಅತ್ತ ಸುಳಿಯದಿರುವುದೇ ಲೇಸು.

ಯಾರಿಗೆ ಯಾವುದು

ದಿನನಿತ್ಯದ ಅಡುಗೆಗೆ, ತುರಿಯಲು, ಮಕ್ಕಳ ಬುತ್ತಿಗೆ: ಗಿಜಿಗುಡುವ ಸೂಪರ್‌ಮಾರ್ಕೆಟ್ ಕೌಂಟರ್, ಮುದ್ರೆಯಿರುವ ಗಟ್ಟಿ ಚೀಸ್. ಹಣ ಉಳಿಸುವ ಜಾಗ ಇದೇ.

ಅತಿಥಿಗಳು ಬರುವ ದಿನಕ್ಕೆ ಚೀಸ್ ಅಂಗಡಿಯೇ ಸರಿ. ಊಟಕ್ಕೆ ಮೊದಲು ಇಡುವುದಾದರೆ ತಲೆಗೆ 50ರಿಂದ 60 ಗ್ರಾಂ ಸಾಕು. ಐದಾರು ಬಗೆಯ ಚೂರುಚೂರಿಗಿಂತ ಮೂರೇ ಬಗೆಯ ಒಳ್ಳೆಯ ತುಂಡುಗಳು ಚೆಂದ: ಒಂದು ಮೆತ್ತಗಿನದು, ಒಂದು ಗಟ್ಟಿ, ಒಂದು ನೀಲಿ. ಹ್ಯಾಮ್ ಮಾತ್ರ ಅದೇ ದಿನ ಸಂಜೆ ಹೆರೆಸಿ ತನ್ನಿ. ಹಿಂದಿನ ದಿನವೇ ಮುಗಿಸಿಬಿಡೋಣ ಅನ್ನಿಸಿದರೆ ಹ್ಯಾಮ್ ಬಿಟ್ಟು ಇಡೀ ಸಲಾಮಿ ಕೊಳ್ಳಿ. ಮನೆಯಲ್ಲಿ ಬೇಕಾದಾಗ ಕತ್ತರಿಸಿಕೊಳ್ಳಬಹುದು, ಉಳಿದರೆ ವಾರಗಟ್ಟಲೆ ಇರುತ್ತದೆ. ಅದರ ಮೇಲಿನ ಬಿಳಿ ಪುಡಿ ಒಳ್ಳೆಯ ಬೂಷ್ಟೇ, ಹೆದರಬೇಡಿ.

ಶುದ್ಧ ಸಸ್ಯಾಹಾರಿಗಳು ರುಚಿಗಿಂತ ಮೊದಲು ರೆನೆಟ್ ಕೇಳಬೇಕು. ಹೆಸರುವಾಸಿ ಯುರೋಪಿಯನ್ ಚೀಸ್‌ಗಳಲ್ಲಿ ಅನೇಕವು ಕರುವಿನ ಹೊಟ್ಟೆಯ ರೆನೆಟ್ಟಿನಿಂದಲೇ ಆಗುವುದು. ಸಸ್ಯದ ಅಥವಾ ಸೂಕ್ಷ್ಮಜೀವಿಗಳ ರೆನೆಟ್ ಬಳಸಿದ್ದು ಬೇಕಿದ್ದರೆ ಸಂತೆಯ ತಯಾರಕರು, ಇಲ್ಲವೇ ಬರೆದಿಟ್ಟ ಚೀಟಿಯಿರುವ ಅಂಗಡಿ. ಪೋರ್ಚುಗಲ್ ಮತ್ತು ಸ್ಪೇನಿನ ಕೆಲವು ಕುರಿ ಹಾಲಿನ ಚೀಸ್‌ಗಳನ್ನು ಕಾರ್ಡೂನ್ ಎಂಬ ಮುಳ್ಳುಗಿಡದ ಹೂವಿನಿಂದ ಹೆಪ್ಪುಗಟ್ಟಿಸುತ್ತಾರೆ, ಕೇಳಿ ನೋಡಿ.

ಬಸುರಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಹಸಿ ಹಾಲಿನ ಮೆತ್ತನೆಯ ಚೀಸ್ ಮತ್ತು ಬೇಯಿಸದ ಒಣಮಾಂಸ ಎರಡರಿಂದಲೂ ದೂರವಿರಬೇಕು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಅಮೆರಿಕದಲ್ಲಿ ಹಸಿ ಹಾಲಿನ ಚೀಸ್ ಕನಿಷ್ಠ 60 ದಿನ ಮಾಗಿರಬೇಕೆಂಬ ನಿಯಮವೂ ಇಂಥ ಭಯದಿಂದಲೇ ಬಂದದ್ದು. ಇಂಥವರಿಗೆ ಚೆನ್ನಾಗಿ ಮಾಗಿದ ಗಟ್ಟಿ ಚೀಸ್ ಹೆಚ್ಚು ಸುರಕ್ಷಿತ.

ಇಷ್ಟಾದ ಮೇಲೂ ಎರಡು ಅಂಗಡಿಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಹೀಗೆ ಮಾಡಿ. ಎರಡೂ ಕಡೆ ಒಂದೇ ಹೆಸರಿನ, ಸಮನಾಗಿ ಅಷ್ಟೇ ತಿಂಗಳು ಮಾಗಿದ ಚೀಸ್ ಆರಿಸಿ. ಕೊಂತೆ ಅಥವಾ ಗ್ರುಯೆರ್ ಆದರೆ ಎರಡೂ ಕಡೆ ಸಿಗುತ್ತದೆ. ಒಂದೇ ದಿನ ಎರಡೂ ಕಡೆಯಿಂದ ತಲಾ 100 ಗ್ರಾಂ ತನ್ನಿ. ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿಟ್ಟು, ಯಾವುದು ಎಲ್ಲಿಯದೆಂದು ಹೇಳದೆ ಮನೆಯವರಿಗೆ ಕೊಡಿ, ನೀವೂ ಕಣ್ಣು ಮುಚ್ಚಿ ತಿನ್ನಿ. ವ್ಯತ್ಯಾಸ ಎದ್ದು ಕಂಡರೆ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗಬೇಕೆಂದು ಗೊತ್ತಾಯಿತು. ಕಾಣದಿದ್ದರೆ ಗಟ್ಟಿ ಚೀಸನ್ನು ಅಗ್ಗದ ಕಡೆಯೇ ಕೊಂಡು, ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ನೀಲಿ ಚೀಸ್ ತನ್ನಿ.